ಮುಂದಿನ ಸೀಟಿನ ಬಂಗಡೆ

ಸುಂಕಸಾಳದ ಬಸ್ಸಿಂದ ಇಳಿದ ಸುನಿಲನ ತಲೆ ಮೇಲೆ ಟ್ರಂಕು, ಕಂಕುಳಲ್ಲಿ ಹಾಸಿಗೆ ಸುರುಳಿ. ಅಂಕೋಲೆ ಬಸ್ ಸ್ಟ್ಯಾಂಡಿನ ಹೊರಗೆ ಅಪ್ಪನ ಹಳೇ ವ್ಯಾನಲ್ಲಿ ಕಾಯ್ತಿದ್ದ ವೈಜಯಂತಿಗೆ ನಗು ತಡೀಲಿಲ್ಲ.

"ಹತ್ತು ದಿನಕ್ಕೆ ಹೋಗವನಾ, ಮನೆ ಖಾಲಿ ಮಾಡ್ಕಂಡು ಬಂದವನಾ?"

"ಅವ್ವಿ ಕಟ್ಟಿಕೊಟ್ಟದ್ದು, ಬಿಡು ಮಾರಾಯ್ತಿ."

ಟ್ರಂಕು, ಹಾಸಿಗೆ ಹಿಂದೆ ತುಂಬಿದ ಮೇಲೆ ಕಾರವಾರ ಮಾರ್ಕೆಟಿಗೆ ಹೋಗೂ ಬಂಗಡೆ ಬುಟ್ಟಿಗೆ ಜಾಗ ಉಳಿಲಿಲ್ಲ. ಐಸ್ ಹಾಕಿದ ಬುಟ್ಟಿ ಮುಂದಿನ ಸೀಟಿಗೆ ಬಂತು, ಸುನಿಲ ಹಿಂದೆ ಮುದುಡಿ ಕೂತ. ಕನ್ನಡೀಲಿ ಅವನ ಕಣ್ಣು ಮಾತ್ರ ಕಾಣ್ತಿತ್ತು. ಹಾರವಾಡದವರೆಗೂ ಆ ಕಣ್ಣು ಆಚೀಚೆ ಹೋಗಲಿಲ್ಲ.

"ರಸ್ತೆ ನೋಡೇ."

"ನೀ ನನ್ನ ನೋಡೂದು ಬಿಡು, ನಾ ರಸ್ತೆ ನೋಡ್ತೆ."

ಸುನಿಲನದ್ದು ಗದ್ದೆ ಮನೆ. "ಸಮುದ್ರ ಗೊತ್ತಿಲ್ಲದವಂಗೆ ಮಗಳ ಕೊಡೂದಿಲ್ಲ," ಅಂದಿದ್ದಳು ಆಯಿ. ಅದಕ್ಕೇ ಇವತ್ತು ಅವ ಬೈತಖೋಲ ಬಂದರಲ್ಲಿ ಮೀನು ಹಿಡಿಯೂ ಟ್ರಾಲ್ ಬೋಟ್ ಹತ್ತೂದು, ಇಂಜಿನ್ ಕೆಲಸಕ್ಕೆ. ಎಡಗಡೆ ಸಮುದ್ರ ಮಸಿ ಬಳಿದ ಹಾಗೆ ಬಿದ್ದಿತ್ತು.

ಅಮದಳ್ಳಿ ಹತ್ತಿರ ಮೀಟರಿನ ಪಕ್ಕ ಕೆಂಪು ದೀಪ ಹತ್ತಿತು. ಇಂಜಿನ್ ಆಯಿಲ್ ಕಮ್ಮಿ ಆದ್ರೆ ಹತ್ತೂ ದೀಪ.

ವೈಜಯಂತಿ ವ್ಯಾನ್ ನಿಧಾನ ಮಾಡಿದಳು. ಈ ದೀಪ ಮೊದಲು ಹತ್ತಿದ್ದು ಒಂದೇ ಸಲ. ಅವತ್ತು ಬೆಳಿಗ್ಗೆ ಅಪ್ಪ ಮೀನು ತಂದು ವ್ಯಾನಿಗೆ ಹಾಕಿ, ಅವಳನ್ನ ಮಾರ್ಕೆಟಿಗೆ ಕಳಿಸಿ, ಮತ್ತೆ ಬಲೆ ಬಿಡೂಕೆ ಹೋಗಿದ್ದ. ದಾರೀಲಿ ದೀಪ ಹತ್ತಿತು. ಸಂಜೆ ದೋಣಿ ಮಾತ್ರ ದಡಕ್ಕೆ ಬಂತು. ಗ್ಯಾರೇಜಿನವ ವ್ಯಾನ್ ನೋಡಿ ಎಂತಾ ತೊಂದ್ರೆ ಇಲ್ಲ ಅಂದಿದ್ದ. ಆಯಿ ಮಾತ್ರ ಆಮೇಲೆ ಈ ವ್ಯಾನ್ ಹತ್ತಲೇ ಇಲ್ಲ.

"ಎಂತಾ ಆಯ್ತೇ?"

"ಎಂತಾ ಇಲ್ಲ."

"ಕನ್ನಡೀಲಿ ಕಾಣ್ತದೆ. ನಿಲ್ಸು."

ನಿಲ್ಸಿದಳು. ದೀಪ ತೋರಿಸಿದಳು. ಅಪ್ಪನ ವಿಷಯ ಹೇಳಿದಳು. "ಬೋಟ್ ಹತ್ತಬೇಡ. ಆಯಿಗೆ ನಾ ಹೇಳ್ತೆ."

"ಎಂತ ಹೇಳ್ತಿ? ದೀಪ ಕಂಡು ಅಳಿಯ ಓಡಿಹೋದ ಅಂತನಾ?"

ಅವ ಬುಟ್ಟಿ ಇಳಿಸಿ ಮುಂದಿನ ಸೀಟು ಎತ್ತಿದ. ಆ ವ್ಯಾನಿನ ಇಂಜಿನ್ ಸೀಟಿನ ಕೆಳಗೇ. ಆಯಿಲ್ ಅಳೆಯೂ ಕಡ್ಡಿ ತೆಗೆದು ನೋಡಿದ, ಆಯಿಲ್ ಭರ್ತಿ ಇತ್ತು. ದೀಪಕ್ಕೆ ಹೋಗೂ ಆಯಿಲ್ ಸ್ವಿಚ್ಚಿನ ವೈರ್ ಕಿತ್ತ. "ಈಗ ಕೀ ತಿರುಗಿಸು. ದೀಪ ಹತ್ತಬಾರದು."

ಹತ್ತಿತು.

"ಅಂದ್ರೆ ಇಂಜಿನ್ ಹೇಳೂದಲ್ಲ ಇದು. ವೈರೇ ಎಲ್ಲೋ ವ್ಯಾನಿನ ತಗಡಿಗೆ ತಾಗ್ತದೆ."

ಅವಳು ಮೊಬೈಲ್ ಟಾರ್ಚ್ ಹಿಡಿದಳು. ಇಬ್ಬರ ತಲೆ ತಾಗಿತು, ಯಾರೂ ಹಿಂದೆ ಸರೀಲಿಲ್ಲ. ಒಂದು ಕಡೆ ವೈರಿನ ಸಿಪ್ಪೆ ಸವೆದಿತ್ತು, ಸುತ್ತ ಬಿಳಿ ಉಪ್ಪು. ಅದರ ಮೇಲೆ ಎತ್ತಿದ ಸೀಟಿಂದ ಟಪ್ ಅಂತ ಒಂದು ಹನಿ ಬಿತ್ತು. ವೈಜಯಂತಿ ಮುಟ್ಟಿ ಮೂಸಿದಳು. ಬಂಗಡೆ ನೀರು.

"ಬುಟ್ಟಿ ಯಾವತ್ತೂ ಹಿಂದೇನೇ ಇಡೂದು," ಅಂದಳು ನಿಧಾನಕ್ಕೆ. "ಅವತ್ತು ಹಿಂದೆ ಹರಿದ ಬಲೆ ತುಂಬಿತ್ತು. ಅಪ್ಪನೇ ಬುಟ್ಟಿ ಎತ್ತಿ ಮುಂದೆ ಇಟ್ಟ. ಬೀಳ್ತದೆ, ಮೆಲ್ಲ ಹೋಗು ಅಂದ."

ಇಷ್ಟು ದಿನ ಹೆದರಿದ್ದು ಅಪ್ಪ ಕೊನೇಗೆ ಕೊಟ್ಟ ಮೀನಿನ ನೀರಿಗೆ. ಅವಳು ಆ ಬೆರಳು ಒರೆಸಿಕೊಳ್ಳಲಿಲ್ಲ.

ಸುನಿಲ ವೈರ್ ಒರೆಸಿ, ಟ್ರಂಕಿಂದ ಟೇಪ್ ತೆಗೆದು ಸುತ್ತಿ, ಸ್ವಿಚ್ಚಿಗೆ ಸಿಕ್ಕಿಸಿದ. ಇಂಜಿನ್ ಶುರು ಆಯ್ತು, ದೀಪ ಆರಿತು.

"ಈಗ ಧೈರ್ಯ ಬಂತಾ?"

"ಇಲ್ಲ. ಇಷ್ಟು ದಿನ ದೀಪಕ್ಕೆ ಹೆದರ್ತಿದ್ದೆ. ಇನ್ನು ಸಮುದ್ರಕ್ಕೇ ಹೆದರಬೇಕು."

"ನೀ ಬೇಡ ಅಂದ್ರೆ ಹತ್ತೂದಿಲ್ಲ." ಈ ಸಲ ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ.

ವೈಜಯಂತಿ ಸಮುದ್ರ ನೋಡಿದಳು. ಆಮೇಲೆ ಅವನನ್ನ.

"ನೀ ಇಲ್ದಿದ್ರೆ ನಂಗೆ ಆಗೂದಿಲ್ಲ. ಇದೊಂದು ಹೇಳೂದಿತ್ತು, ಹೇಳಾಯ್ತು. ಈಗ ಹೋಗು."

ಬೈತಖೋಲದಲ್ಲಿ ಬೋಟ್ ಬಿಡುವಾಗ ಅವ ಬೋಟಿಂದಲೇ ಕೂಗಿದ. "ಕರೆಯೂಕೆ ಬರೂವಾಗ ಮೀನು ಹಿಂದೆ ಇಡು. ಮುಂದಿನ ಸೀಟು ನಂದು."

ಬೋಟ್ ಸಣ್ಣದಾಗ್ತಾ ಆಗ್ತಾ ಕೂರ್ಮಗಡ ದ್ವೀಪದ ಆಚೆ ಮಾಯ ಆಯ್ತು. ಮಾರ್ಕೆಟಲ್ಲಿ ಬುಟ್ಟಿ ಇಳಿಸಿ ಅವಳು ವಾಪಸ್ ಹೊರಟಳು. ದೀಪ ಹತ್ತಲಿಲ್ಲ. ಆದ್ರೂ ಕಣ್ಣು ಅಲ್ಲಿಗೇ ಹೋಗ್ತಿತ್ತು. ಬಿಣಗಾ ಏರಲ್ಲಿ ಗಾಳಿ ಎದ್ದು ಕಿಟಕಿ ಗಡಗಡ ಅಂತು. ಅವಳು ವ್ಯಾನ್ ಬದಿಗೆ ನಿಲ್ಸಿ, ಒದ್ದೆ ಆರದ ಆ ಖಾಲಿ ಸೀಟಿಗೆ ಬೆಲ್ಟ್ ಎಳೆದು ಹಾಕಿದಳು.

ಆಮೇಲೆ ಮೆಲ್ಲ ಹೋದಳು.