ಸೋಮವಾರ ಮಾಯವಾಗುವ ಚಿತ್ರ

ಐದನೇ ಸೋಮವಾರವೂ ಚಿತ್ರ ಬರಲಿಲ್ಲ!

ಮಂಗಳವಾರ ಬೆಳಿಗ್ಗೆ ಬಸ್ ಕಂಡಕ್ಟರನ ಕೈಯಲ್ಲಿ ಕಲ್ಹೇರ್ ಶಾಲೆಯ ಈಶಪ್ಪ ಮಾಸ್ತರರ ಚೀಟಿ ಜಹೀರಾಬಾದಿನ ನಮ್ಮ ರಿಪೇರಿ ಕೇಂದ್ರಕ್ಕೆ ಬಂತು: 'ನಿನ್ನೆ ಸಂಜೆ ಮತ್ತೆ ಬರೀ ಚುಕ್ಕಿ.' ಕೇಂದ್ರದ ಸಾಹೇಬರಿಗೆ ತಲೆ ಕೆಟ್ಟಿತು. ಈ ಸಲ ರಿಪೇರಿ ಬೇಡ, ಟಿ.ವಿ.ಯನ್ನೇ ಕಟ್ಟಿಕೊಂಡು ಬನ್ನಿ, ಬೇರೆ ಹಳ್ಳಿಗೆ ಕೊಡೋಣ ಎಂದರು.

ಅದು ೧೯೭೬ರ ಫೆಬ್ರವರಿ. ಆಕಾಶದಲ್ಲಿ ನಿಂತ ಉಪಗ್ರಹವೊಂದು ನೇರವಾಗಿ ಹಳ್ಳಿಗಳಿಗೇ ಟಿ.ವಿ. ಚಿತ್ರ ಕಳಿಸುತ್ತಿದ್ದ ವರ್ಷ. ಶಾಲೆಯಂಗಳದ ಕಂಬದ ಮೇಲೆ ತಂತಿ ಜಾಲರಿಯ ದೊಡ್ಡ ಛತ್ರಿ ಅದನ್ನು ಹಿಡಿಯುತ್ತಿತ್ತು. ನಾನು ಜೀಪಿನ ಡ್ರೈವರ್ ಹಣಮಂತರಾಯ. ಮೆಕ್ಯಾನಿಕ್ ತುಳಸಿರಾಮನದು ಮಾತು ಕಡಿಮೆ, ಕಣ್ಣು ಜಾಸ್ತಿ. ಉದ್ದನೆಯ ಹಗ್ಗವೊಂದನ್ನು ಜೀಪಿಗೆ ಹಾಕಿಕೊಂಡು, ಬೇಸರದಿಂದಲೇ ಅವನ ಜೊತೆ ಕಲ್ಹೇರ್ ಕಡೆ ಹೊರಟೆ.

ಜೀಪು ನಿಲ್ಲುವ ಮೊದಲೇ ಊರ ಪಟೇಲ ಶಂಕ್ರೆಪ್ಪ ಎದುರು ಬಂದ. ಬಿಳಿ ರುಮಾಲು, ಹಣೆ ತುಂಬ ವಿಭೂತಿ.

"ನೋಡ್ರಿ, ಟಿ.ವಿ. ಕೀಲಿ ಮಾಸ್ತರನ ಕೈಯಾಗ ಅದ. ಮತ್ಯಾರು ಕೆಡಸ್ತಾರ? ಕೀಲಿ ಕಸಗೊಳ್ರಿ, ಟಿ.ವಿ. ಉಳಸ್ರಿ!"

ಈಶಪ್ಪ ಮಾಸ್ತರರ ಮುಖ ಬಾಡಿತ್ತು. "ದಿನಾ ಸಂಜೀಕಿ ನಾನೇ ಹಚ್ಚತೀನ್ರಿ. ನಾನ್ಯಾಕ ಕೆಡಸ್ಲಿ? ಇವತ್ತು ನೀವು ಒಯ್ದ್ರ, ಈ ಊರಾಗ ನಾ ಯಾವ ಮಾರಿ ಹೊತ್ಕೊಂಡು ಪಾಠ ಹೇಳ್ಲಿ?"

ಶಾಲೆಯ ಕಸ ಗುಡಿಸುವ ಸಕ್ಕುಬಾಯಿ ಪೊರಕೆ ಹಿಡಿದೇ ನಡುವೆ ನುಗ್ಗಿದಳು. "ಒಯ್ಯಬ್ಯಾಡ್ರಿ ಸಾಬ್ರ! ಸೂಜಿ ಚುಚ್ಚೋ ನರ್ಸಬಾಯಿ ಬಂದ್ರ ನಾ ಬಾಗಲಾ ಹಾಕ್ಕೋತಿದ್ದೆ. ಇದರಾಗ ನೋಡಿದ ಮ್ಯಾಲ ಮೊಮ್ಮಗಳನ್ನ ನಾನೇ ಎತ್ಕೊಂಡು ಹೋದೆ."

ಹಗ್ಗ ಜೀಪಿನಲ್ಲೇ ಇರಲಿ ಎಂದುಕೊಂಡೆ.

ತುಳಸಿರಾಮ ಟಿ.ವಿ. ಕಡೆ ಹೋಗಲೇ ಇಲ್ಲ. ನೇರ ಛತ್ರಿಯ ಕಂಬದ ಹತ್ತಿರ ಹೋಗಿ ಕೂತ. ಹೋದ ಸಲ ಛತ್ರಿಯ ಮುಖವನ್ನು ಉಪಗ್ರಹಕ್ಕೆ ಸರಿ ಮಾಡಿದಾಗ ಕಂಬಕ್ಕೂ ಛತ್ರಿ ಹೊತ್ತ ಮೇಲಿನ ಕೊಳವೆಗೂ ಸೇರಿಸಿ ಅವನೇ ಒಂದು ಕೆಂಪು ಗೆರೆ ಎಳೆದಿದ್ದ. ಈಗ ಆ ಗೆರೆ ಎರಡು ಬೆರಳಷ್ಟು ಸರಿದು ತುಂಡಾಗಿತ್ತು.

"ಛತ್ರಿ ತಿರುಗ್ಯಾದ. ನಿನ್ನೆ ಇದರ ಹತ್ರ ಯಾರು ಬಂದಿದ್ರು?"

"ಯಾರೂ ಇಲ್ರಿ," ಮಾಸ್ತರರು.

"ಒಬ್ಬರೂ ಇಲ್ಲ," ಪಟೇಲ.

"ನರಪಿಳ್ಳಿ ಇಲ್ಲ," ಸಕ್ಕುಬಾಯಿ.

ಹಾಗಾದರೆ ದೆವ್ವ ತಿರುಗಿಸಿತೆ? ನಾನು ತುಳಸಿರಾಮನ ಕಿವಿಯಲ್ಲಿ ಉಸುರಿದೆ: "ಸೋಮವಾರ ಗುಡಿಯಾಗ ಭಜನಿ ಇರತದ. ಭಜನಿ ವೈಜಿನಾಥಗ ಟಿ.ವಿ. ಕಂಡ್ರ ಆಗಲ್ಲ ಅಂತ ಕೇಳೀನಿ."

ವೈಜಿನಾಥನನ್ನು ಕರೆಸಿದೆವು. ಬಂದವನೇ ಸಿಡಿದ.

"ಹೌದ್ರಿ, ಸಿಟ್ಟದ! ಇದು ಬಂದ ಮ್ಯಾಲ ಭಜನಿಗಿ ನಾಲ್ಕೇ ಮಂದಿ ಬರತಾರ."

"ಚಿತ್ರ ಇಲ್ಲದ ಸೋಮವಾರ ಹೆಚ್ಚು ಮಂದಿ ಬಂದ್ರೇನು?" ತುಳಸಿರಾಮ ಕೇಳಿದ.

"ಎಲ್ಲಿ ಬಂದ್ರು? ಇಂದು ಬಂದೀತು, ಈಗ ಬಂದೀತು ಅಂತ ಚುಕ್ಕಿ ನೋಡ್ಕೋತ ಕುಂತಿದ್ರು. ಕೆಡಿಸಿ ನನಗೇನು ಸಿಕ್ತು?"

ಕೊನೆಗೆ ನಾನು ಶಾಲೆಯ ಗೋಡೆಗೆ ಒರಗಿದೆ. ಬೆನ್ನಿಗೆ ತಣ್ಣಗೆ ಏನೋ ಅಂಟಿತು. ಸಗಣಿಯ ಹಸಿ ಕುಳ್ಳು! ಇದ್ದೊಂದು ಬಿಳಿ ಅಂಗಿ ಹಾಳಾಯಿತು.

"ಏ ಸಕ್ಕುಬಾಯಿ, ಶಾಲಿ ಗ್ವಾಡಿಗಿ ಯಾರಾದ್ರೂ ಕುಳ್ಳು ತಟ್ಟತಾರೇನು?" ಎಂದು ರೇಗಿದೆ. ತುಳಸಿರಾಮ ಮಾತ್ರ ನನ್ನ ಬೆನ್ನನ್ನೇ ಕುತೂಹಲದಿಂದ ನೋಡುತ್ತಿದ್ದ.

"ಸಗಣಿ ಎಲ್ಲಿಂದ ತಂದಿ?"

"ತರೋದು ಯಾಕ್ರಿ? ಸೋಮಾರ ಸೋಮಾರ ಇಲ್ಲೇ ಬುಟ್ಟಿ ತುಂಬ ಸಿಗತದ."

ತುಳಸಿರಾಮ ಕಂಬದ ಕಡೆ ಹೋಗಿ ನಮ್ಮನ್ನೆಲ್ಲ ಕರೆದ. ನಡುಮಟ್ಟಕ್ಕೆ ಸ್ವಲ್ಪ ಮೇಲೆ ಬಣ್ಣ ಸವೆದು ಕಬ್ಬಿಣ ಮಿರಿಮಿರಿ ಮಿಂಚುತ್ತಿತ್ತು. ಕಂಬಕ್ಕೂ ಕೊಳವೆಗೂ ಬಿಗಿದ ಬೋಲ್ಟಿನ ಸಂದಿಯಲ್ಲಿ ಬಿಳಿ ಕೂದಲು ಸಿಕ್ಕಿಕೊಂಡಿತ್ತು.

"ಯಾರು ಬಂದಿದ್ರು ಅಂತ ಕೇಳ್ದೆ. ನೀವೆಲ್ಲಾ ಮನುಷ್ಯಾರನ್ನ ಎಣಿಸಿದ್ರಿ. ಎತ್ತಿನ ಲೆಕ್ಕ ಯಾರೂ ಹಿಡೀಲಿಲ್ಲ. ಸೋಮವಾರ ಬಸವಣ್ಣನ ದಿನ, ಈ ಊರಾಗ ಯಾರೂ ಎತ್ತು ಹೂಡಲ್ಲ. ಅವತ್ತು ಕೆಲಸ ಇಲ್ಲದ ಬಿಳೀ ಎತ್ತು ಒಂದು ಇಡೀ ದಿನ ಈ ಕಂಬಕ್ಕ ಹೆಗಲು ಉಜ್ಜ್ಯಾದ. ನಾ ಬೋಲ್ಟ್ ಬಿಗಿದಿದ್ದು ಕೈಯಿಂದ, ಅದು ತಿರುವಿದ್ದು ಹೆಗಲಿಂದ. ನಾವು ಬರೋದು ಮಂಗಳವಾರ. ಆಗ ಎತ್ತು ಹೊಲದಾಗ, ಸಗಣಿ ಗ್ವಾಡಿ ಮ್ಯಾಲ!" ಅವನು ತಿರುಗಿ ನಿಂತ. "ಪಟೇಲ್ರೆ, ಬಿಳೀ ಎತ್ತು ಯಾರದು?"

ಪಟೇಲ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ನಂದೇ... ನಾನೇ ಕಟ್ಟೀನಿ. ಹುಡುಗ್ರು ಛತ್ರಿಗಿ ಜೋತು ಬೀಳತಿದ್ವು. ಹಾಯೋ ಎತ್ತು, ಒಂದು ದಿನಾನಾದ್ರೂ ಕಾವಲು ಆಗತದ ಅಂತ ಕಟ್ಟಿದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಳ್ಳೆಯದಕ್ಕೆಂದೇ ಮೇಯ್ದಿತ್ತು, ಪಾಪ.

ತುಳಸಿರಾಮ ಬೋಲ್ಟ್ ಸಡಿಲಿಸಿ ಛತ್ರಿ ತಿರುಗಿಸಿದ. ಸಂಜೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಗೆರೆಗೆ ಗೆರೆ ಸೇರಿಸಿ, ಬೋಲ್ಟಿನ ಜೊತೆ ಒಂದು ಕಬ್ಬಿಣದ ಗೂಟವನ್ನೂ ಜಡಿದ. ಚುಕ್ಕಿಗಳೆಲ್ಲ ಸೇರಿ ಒಬ್ಬಳು ಹೆಂಗಸಾದವು. ಕೂಸಿಗೆ ಕಾಯಿಸಿ ಆರಿಸಿದ ನೀರು ಕುಡಿಸುತ್ತಿದ್ದಳು. ಅಂಗಳ ತುಂಬ ಕೂತ ಮಂದಿ ಹೋ ಎಂದಿತು. ಟಿ.ವಿ. ಕೆಟ್ಟಿಲ್ಲ, ತರುವ ಕಾರಣವಿಲ್ಲ ಎಂದು ತುಳಸಿರಾಮ ಅಲ್ಲೇ ವರದಿ ಬರೆದ.

ಪಟೇಲ ಎಲ್ಲರೆದುರಿಗೆ ಮಾಸ್ತರರಿಗೆ ಕೈಮುಗಿದ. "ತಪ್ಪು ನಂದದ ಮಾಸ್ತರ್ರ. ಸುಮ್ಮನ ನಿಮ್ಮ ಮ್ಯಾಲ ಹಾಕಿದೆ."

ಈಶಪ್ಪ ಮಾಸ್ತರರು ಆ ಕೈಗಳನ್ನು ಹಿಡಿದುಕೊಂಡರು. "ಕಾವಲು ಬೇಕೇ ಬೇಕು ಪಟೇಲ್ರ. ಮುಂದಿನ ಸೋಮವಾರ ಎತ್ತು ಬ್ಯಾಡ್ರಿ, ನೀವೇ ಬಂದು ಕೂಡ್ರಿ."

ನಾನು ಜೀಪಿನಿಂದ ಹಗ್ಗ ತಂದು ಪಟೇಲನ ಕೈಗೆ ಕೊಟ್ಟೆ.

"ಟಿ.ವಿ. ಕಟ್ಟಾಕ ತಂದಿದ್ದೆ. ಎತ್ತು ಕಟ್ರಿ. ನಿಮ್ಮ ಮನಿ ಮುಂದ."