ಸೊನ್ನೆಯಲ್ಲಿ ನಿಂತ ಮುಳ್ಳು

ಹೇಳಿಬಿಡಬೇಕೇ? ಹೇಳಿದರೆ ಇದೇ ಕೊನೆಯ ಮಂಗಳವಾರ. ಹೇಳದಿದ್ದರೆ ಹದಿನೇಳು ವರ್ಷದಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಏನರ್ಥ?

ಅವನು ತೂಕದ ಮಷೀನಿನ ಮೇಲೆ ನಿಂತು ಹೀಗೆ ಯೋಚಿಸುತ್ತಿದ್ದ. ಕಾಲ ಬಳಿಯ ದುಂಡು ಗಾಜಿನೊಳಗೆ ಮುಳ್ಳು ತುಸು ನಡುಗಿ ಎಪ್ಪತ್ತೊಂಬತ್ತರಲ್ಲಿ ನಿಂತಿತು.

ಡಯಟ್ ಮೇಡಂ ಬಗ್ಗಿ ನೋಡಿ ಕಾರ್ಡಿನಲ್ಲಿ ಬರೆದಳು. "ಇನ್ನೊಂದೇ ಕೆಜಿ. ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನಿಲ್ಲ."

"ಮುಖ ನೋಡಿದ್ರೆ ಹಾಗನ್ಸಲ್ವಲ್ಲ."

ಬೇಜಾರಿರಲಿಲ್ಲ, ನಿಜ. ತೊಂದರೆ ಇದ್ದದ್ದೇ ಅಲ್ಲಿ. ಅವನು ತಕ್ಕಡಿ ರಿಪೇರಿ ಮಾಡುವವನು. ಅಂದು ಬೆಳಿಗ್ಗೆ ತನ್ನ ಅಂಗಡಿಯ ಮಷೀನಿನ ಮೇಲೆ ನಿಂತಾಗ ಎಪ್ಪತ್ತೇಳೂವರೆಗಿಂತ ತುಸು ಕಡಿಮೆಯೇ ಬಂದಿತ್ತು. ಕಾರ್ಡಿನಲ್ಲಿದ್ದ ಗುರಿ ಎಪ್ಪತ್ತೆಂಟು. ಗುರಿ ಮುಟ್ಟಿದವರ ಕಾರ್ಡನ್ನು ಗೆರೆ ಎಳೆದು ಮುಚ್ಚುವುದು ಆ ಆರೋಗ್ಯ ಕೇಂದ್ರದ ಕ್ರಮ. ಆಮೇಲೆ ಅವರು ಬರುವಂತಿಲ್ಲ.

ಎಂಟು ತಿಂಗಳ ಹಿಂದೆ, ರಕ್ತದೊತ್ತಡ ಏರಿದೆಯೆಂದು ಡಾಕ್ಟರು ಮಹಡಿಯ ಮೇಲಿನ ಈ ಕೋಣೆಗೆ ಕಳಿಸಿದಾಗ, ಹದಿನೆಂಟು ಮೆಟ್ಟಿಲು ಹತ್ತಿ ಅವನು ಗೋಡೆ ಹಿಡಿದು ನಿಂತಿದ್ದ. ಅಂದು ಮುಳ್ಳು ತೊಂಬತ್ತೆರಡು ತೋರಿಸಿತು. ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ತೊಂಬತ್ತಿತ್ತು. ಸ್ಪ್ರಿಂಗ್ ಸೋತಿದೆ ಎಂದು ಅವನಿಗೆ ಕೂಡಲೇ ತಿಳಿಯಿತು. ಅಂಥ ಮಷೀನು ಖಾಲಿ ಇರುವಾಗ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಭಾರ ಬಿದ್ದಾಗ ಮಾತ್ರ ನೂರಕ್ಕೆ ಎರಡರಷ್ಟು ಹೆಚ್ಚು ತೋರಿಸುತ್ತದೆ. ಏದುಸಿರು ಬಿಡುತ್ತಾ ನಿಂತವನು ಮಷೀನಿನ ಮೇಲೆ ತಪ್ಪು ಹೊರಿಸುವುದು ಹೇಗೆ? ಮುಂದಿನ ವಾರ ಹೇಳೋಣ ಎಂದುಕೊಂಡ.

ಮುಂದಿನ ವಾರ ಅವಳು ಕಾಗದದ ಮೇಲೆ ಒಂದು ತಟ್ಟೆ ಬರೆದಳು. ಅರ್ಧ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಬೇಳೆಯೋ ಮೊಟ್ಟೆಯೋ.

"ಎಷ್ಟೆಷ್ಟು ಗ್ರಾಂ?" ಎಂದು ಕೇಳಿದ.

ಅವಳು ಪೆನ್ನನ್ನು ಕೆನ್ನೆಗೆ ಒತ್ತಿಕೊಂಡು ಅವನನ್ನೇ ನೋಡಿದಳು. "ತಕ್ಕಡಿ ಡಾಕ್ಟ್ರೇ, ತೂಗೋದು ಬಿಟ್ಟು ತಿನ್ನೋದು ಕಲೀರಿ."

ಆ ಹೆಸರು ಹಾಗೇ ಉಳಿಯಿತು. ಅಂದೂ ಅವನು ಮಷೀನಿನ ಮಾತೆತ್ತದೆ ಮೆಟ್ಟಿಲಿಳಿದು ಬಂದ.

ಅವನು ನಡೆಯತೊಡಗಿದ. ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಆಮೇಲೆ ಶಾಲೆಯ ಮೈದಾನಕ್ಕೆ ಎಂಟು ಸುತ್ತು. ತಟ್ಟೆ ಬದಲಾದದ್ದನ್ನು ಮೊದಲು ಗುರುತಿಸಿದವಳು ಅಕ್ಕ.

"ಹತ್ತು ವರ್ಷ ತರಕಾರಿ ತಿನ್ನೋ ಅಂತ ಬಡ್ಕೊಂಡೆ. ಹಾಗಲಕಾಯಿ ಮೂಸೀನೂ ನೋಡದೋನು ಈಗ ಎರಡು ಸಲ ಹಾಕಿಸ್ಕೊಳ್ತಾನೆ. ಆ ಮೇಡಂ ಏನು ಮಂತ್ರ ಹಾಕಿದ್ಲೋ!"

"ರಕ್ತದೊತ್ತಡ ಅಕ್ಕಾ."

"ಹೂಂ, ಹೂಂ. ಅದು ಬರೀ ಮಂಗಳವಾರ ಇಸ್ತ್ರಿ ಶರ್ಟ್ ಹಾಕ್ಕೊಳ್ಳುತ್ತೆ, ಅಲ್ವಾ?"

ಮೂರನೆಯ ತಿಂಗಳಲ್ಲಿ ಮೇಡಂ ತಾನೇ ಕೇಳಿದ್ದಳು. "ಡಾಕ್ಟ್ರೇ, ನಮ್ಮ ಮಷೀನ್ ಆರೋಗ್ಯ ಹೇಗಿದೆ?"

"ಮುಳ್ಳು ಸೊನ್ನೆಯಲ್ಲಿದೆ," ಎಂದ.

ಸುಳ್ಳೇನಲ್ಲ. ಉತ್ತರವೂ ಅಲ್ಲ. ಅದನ್ನು ಅವನು ಎಷ್ಟೋ ಸುತ್ತು ಮೈದಾನದಲ್ಲಿ ಹೊತ್ತು ನಡೆದಿದ್ದ.

ಈ ಮಂಗಳವಾರ ಮಷೀನಿನಿಂದ ಇಳಿದು ಹೊರಗಿನ ಬೆಂಚಿನ ಮೇಲೆ ಶೂ ಹಾಕಿಕೊಳ್ಳುತ್ತಿದ್ದಾಗ ಅವನ ನಂತರದ ಸರದಿಯವರು ಒಳಗೆ ಹೋದರು. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವ ಅಮ್ಮ. ಮಂಡಿಯ ಆಪರೇಷನ್‌ಗೆ ಎಂಬತ್ತೈದರೊಳಗೆ ಬರಬೇಕೆಂದು ಅವರಿಗೆ ಹೇಳಿದ್ದರು.

"ಎಂಬತ್ತಾರೇ ಇದೆ," ಎಂಬ ಮೇಡಂ ದನಿ ಕೇಳಿಸಿತು.

"ಅದು ಹೇಗಮ್ಮಾ? ಎರಡು ವಾರದಿಂದ ರಾತ್ರಿ ಊಟಾನೇ ಬಿಟ್ಟಿದ್ದೀನಿ."

"ಯಾರು ಬಿಡೋಕೆ ಹೇಳಿದ್ದು ನಿಮಗೆ? ಊಟ ಬಿಟ್ರೆ ತಲೆ ಸುತ್ತಿ ಬೀಳ್ತೀರಿ. ಹಾಗೆಲ್ಲ ಮಾಡ್ಬಾರ್ದು."

ಅಮ್ಮ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಬತ್ತಾರಲ್ಲಿ ನೂರಕ್ಕೆ ಎರಡು ತೆಗೆದರೆ ಎಂಬತ್ತನಾಲ್ಕು ಚಿಲ್ಲರೆ. ಅವನು ಲೆಕ್ಕ ಹಾಕಲಿಲ್ಲ. ಲೆಕ್ಕ ತಾನಾಗಿಯೇ ಆಗಿತ್ತು.

"ಇವತ್ತು ರಾತ್ರಿ ಊಟ ಮಾಡಿ ಅಮ್ಮಾ," ಎಂದ. "ಮುಂದಿನ ವಾರ ಇಳಿದಿರುತ್ತೆ."

"ನಿಮಗೇನಪ್ಪ ಗೊತ್ತು?"

"ಗೊತ್ತು."

ಶೂ ದಾರ ಕಟ್ಟಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಅವನು ಎರಡು ಕೈಯಲ್ಲೂ ಚೀಲ ಹಿಡಿದು ಬಂದ. ಒಂದೊಂದರಲ್ಲೂ ಇಪ್ಪತ್ತು ಕೆಜಿಯ ತೂಕದ ಬಟ್ಟು. ಹದಿನೆಂಟು ಮೆಟ್ಟಿಲು ಮುಗಿದ ಮೇಲೆಯೇ ಅವನಿಗೆ ಹೊಳೆದದ್ದು, ಎಲ್ಲೂ ನಿಂತಿರಲಿಲ್ಲ. ನೆಲ ಒರೆಸುತ್ತಿದ್ದ ಆಯಾ ಅವನನ್ನೂ ಚೀಲಗಳನ್ನೂ ನೋಡಿದಳು.

"ಏನಣ್ಣಾ, ಇವತ್ತು ಬುಧವಾರ."

"ಮಷೀನ್ ಸ್ವಲ್ಪ ನೋಡ್ಬೇಕಿತ್ತು. ಯಾರಿಗೂ ಹೇಳ್ಬೇಡ."

ಹಿಂಬದಿಯ ತಗಡು ಬಿಚ್ಚಿದ. ಸೋತ ಸ್ಪ್ರಿಂಗ್ ತೆಗೆದು ಹೊಸದು ಹಾಕಿದ. ಒಂದು ಬಟ್ಟು ಇಟ್ಟ, ಇಪ್ಪತ್ತು. ಎರಡಿಟ್ಟ, ನಲವತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಲಸ ಮುಗಿಯಲು ಇಪ್ಪತ್ತು ನಿಮಿಷ ಸಾಕಾಯಿತು. ಎಂಟು ತಿಂಗಳೂ ಅದು ಇಪ್ಪತ್ತೇ ನಿಮಿಷದ ಕೆಲಸವಾಗಿತ್ತು.

ಮಂಗಳವಾರ ಬಂತು. ಅವನು ಇಸ್ತ್ರಿ ಶರ್ಟ್ ಹಾಕಿಕೊಂಡ.

ಮುಳ್ಳು ಎಪ್ಪತ್ತೇಳು ದಾಟಿ ನಿಂತಿತು. ಅವಳು ಬರೆಯಲಿಲ್ಲ. ಪೆನ್ನು ಕೆಳಗಿಟ್ಟಳು.

"ಇವತ್ತು ಹತ್ತು ಜನ ಬಂದ್ರು. ಹತ್ತೂ ಜನ ಇಳಿದಿದ್ದಾರೆ. ದಪ್ಪ ಇರೋರು ಜಾಸ್ತಿ, ಸಣ್ಣಗಿರೋರು ಕಮ್ಮಿ. ನಾನೂ ಒಂದು ಕೆಜಿ ಇಳಿದೆ. ಭಾನುವಾರ ಗೆಳತಿ ಮನೆಯಲ್ಲಿ ಮೂರು ಕಪ್ ಐಸ್‌ಕ್ರೀಂ ತಿಂದಿದ್ದೀನಿ."

"ಒಳ್ಳೇದಾಯ್ತಲ್ಲ."

"ಆಯಾನ ಕೇಳಿದೆ. ಯಾರೂ ಬಂದಿಲ್ಲ ಅಂದ್ಲು. ನಗ್ತಾ ಅಂದ್ಲು."

ಅವನು ಮಷೀನಿನಿಂದ ಇಳಿದ. ಮುಳ್ಳು ಸೊನ್ನೆಗೆ ಮರಳಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

"ಅಂಚೆ ಅಮ್ಮ ಬೆಳಿಗ್ಗೇನೇ ಬಂದಿದ್ರು. ಆಪರೇಷನ್ ದಿನ ಸಿಕ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ನಗುವೂ ಇರಲಿಲ್ಲ. "ಆದ್ರೆ ಎರಡು ವಾರ ಉಪವಾಸ ಬಿದ್ರು ಪಾಪ. ಅದು ನನಗೆ ಇಷ್ಟ ಆಗ್ಲಿಲ್ಲ."

"ನನಗೂ."

ಅವಳು ಇನ್ನೇನೋ ಕೇಳುವವಳಂತೆ ತುಟಿ ತೆರೆದಳು. ಆಮೇಲೆ ಪೆನ್ನೆತ್ತಿಕೊಂಡು ತೂಕ ಬರೆದು, ಕೆಳಗೆ ನೇರವಾದ ಒಂದು ಗೆರೆ ಎಳೆದಳು.

"ಮುಂದಿನ ಮಂಗಳವಾರದಿಂದ ಬರೋ ಹಾಗಿಲ್ಲ ನೀವು."

"ಸರಿ ಮೇಡಂ."

ಅವನು ಬಾಗಿಲ ತನಕ ಹೋಗಿದ್ದ.

"ಬೆಳಿಗ್ಗೆ ನಡೆಯೋದು ಎಷ್ಟು ಹೊತ್ತಿಗೆ?"

"ಆರಕ್ಕೆ. ಸ್ಕೂಲ್ ಮೈದಾನದಲ್ಲಿ."

"ಆರಕ್ಕಾ? ಅಯ್ಯೋ, ನನಗೆ ಏಳೋಕಾಗಲ್ಲ."

"ದಿನಾ ನಡೀಬೇಕು, ತಪ್ಪಿಸ್ಬಾರ್ದು ಅಂತ ನೀವೇ ಅಲ್ವಾ ಹೇಳೋದು?"

"ಹೇಳೋದು ನನ್ನ ಕೆಲಸ ಕಣ್ರೀ. ಮಾಡೋದು ನಿಮ್ಮ ಕೆಲಸ." ಈಗ ಅವಳ ಕಣ್ಣಂಚಿಗೆ ನಗು ಬಂದಿತ್ತು. "ಆರೂವರೆ?"

"ಆರೂವರೆ."

ಮರುದಿನ ಅವಳು ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಳು. ಮೂರನೆಯ ಸುತ್ತಿಗೇ ಏದುಸಿರು ಬಂತು. "ನಗ್ಬೇಡಿ," ಎಂದಳು. ಅವನು ನಗಲಿಲ್ಲ, ಹೆಜ್ಜೆ ನಿಧಾನ ಮಾಡಿದ. ಅಂದು ಎಂಟು ಸುತ್ತು ಆಗಲಿಲ್ಲ, ಐದೇ ಆಯಿತು.

ಅವಳು ಎಂಟನ್ನು ಮುಟ್ಟುವ ಹೊತ್ತಿಗೆ ಅವನನ್ನು ಡಾಕ್ಟ್ರೇ ಎನ್ನುವುದು ಬಿಟ್ಟಿದ್ದಳು. ಅಕ್ಕ ಅವಳನ್ನು ಊಟಕ್ಕೆ ಕರೆದು, ಅರ್ಧ ತಟ್ಟೆ ತರಕಾರಿ ಬಡಿಸಿ, "ಈಗ ನೀನು ತಿನ್ನಮ್ಮಾ, ನೋಡೋಣ," ಎಂದಿದ್ದಳು. ಮೈದಾನದ ಬೇಲಿಯ ಪಕ್ಕ ಒಂದು ಬೆಳಿಗ್ಗೆ, ಮದುವೆಯಾಗೋಣವೇ ಎಂದು ಕೇಳಿದವನೂ ಅವನೇ. ಅವಳು ಹೂಂ ಎಂದಳು. ಮಾತು ಕಡಿಮೆಯವನಾದರೂ ಹೇಳಬೇಕಾದದ್ದನ್ನು ಹೆಚ್ಚುಕಡಿಮೆ ಎಲ್ಲವನ್ನೂ ಹೇಳಿದ.

ಮಷೀನು ತಪ್ಪು ತೋರಿಸುತ್ತಿದೆಯೆಂದು ಮೊದಲ ದಿನವೇ ತನಗೆ ಗೊತ್ತಿತ್ತು, ಮಂಗಳವಾರಗಳು ಮುಗಿಯಬಾರದೆಂದು ಸುಮ್ಮನಿದ್ದೆ, ಎಂಬುದನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.