ಮನೆಯವರನ್ನೂ ಕರೆದುಕೊಂಡು ಬನ್ನಿ

"ನಿನಗೆ ಅಕ್ಕಿ ರೊಟ್ಟಿ ತಟ್ಟಲಿಕ್ಕೆ ಬರ್ತದಾ ಮಗಳೇ?"

ಇರ್ಫಾನಾಳಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು! ಕೆಲಸದ ಇಂಟರ್‌ವ್ಯೂಗೆ ಬಂದವಳಿಗೆ ಇದೆಂಥ ಪ್ರಶ್ನೆ?

ಕೇಳಿದವರು ಕುಂಞಿಪಾತುಮ್ಮ. ಕೋಡಿಂಬಾಳದಲ್ಲಿ ಹಲಸಿನಕಾಯಿ ಸೋಂಟೆ, ಅಂದರೆ ಚಿಪ್ಸ್, ಕರಿದು ಪ್ಯಾಕೆಟ್ ಮಾಡಿ ಮಾರುವ ಸಿನಾನ್‌ನ ತಾಯಿ. ಎದುರು ಕುರ್ಚಿಯಲ್ಲಿದ್ದ ಸಿನಾನ್ ತಟ್ಟನೆ ತಲೆ ಎತ್ತಿದ. ಇಬ್ಬರ ಕಣ್ಣೂ ಸೇರಿದವು. ಅವನ ಮುಖದಲ್ಲೂ ಅದೇ ಗಾಬರಿ...

'ಇವರಿಗೂ ಗೊತ್ತಿಲ್ವಾ? ಹಾಗಾದ್ರೆ ಇಲ್ಲಿ ನಡೀತಾ ಇರುದು ಎಂತ?'

ಎಲ್ಲದಕ್ಕೂ ಕಾರಣ ಲಿಂಕ್ಡ್‌ಇನ್. ಫುಡ್ ಸೈನ್ಸ್‌ನಲ್ಲಿ ಎಂಎಸ್ಸಿ ಮುಗಿಸಿದ ಇರ್ಫಾನಾ, ಕೆದಂಬಾಡಿಯ ಮನೆಯಲ್ಲಿ ಕೂತು ಕಂಡ ಕಂಡ ಕಂಪನಿಗಳಿಗೆಲ್ಲ ಅದರಲ್ಲಿ ಮೆಸೇಜ್ ಹಾಕಿದ್ದಳು. ಓದಿದವರಿದ್ದರು, ಉತ್ತರ ಕೊಟ್ಟವರಿಲ್ಲ. "ಮಳೆಗಾಲದೊಳಗೆ ಕೆಲಸ ಸಿಗದಿದ್ರೆ ಮದುವೆ" ಎಂದು ತಂದೆ ಮೊಯ್ದಿನಬ್ಬ ಹೇಳಿಬಿಟ್ಟಿದ್ದರು. ಕೊನೆಗೊಂದು ದಿನ ಬೇಸತ್ತು, ತಿನ್ನುತ್ತಿದ್ದ ಸೋಂಟೆಯ ಪ್ಯಾಕೆಟ್ ತಿರುಗಿಸಿ ನೋಡಿ, ಅದರ ಯಜಮಾನನನ್ನೇ ಹುಡುಕಿ ಬರೆದಳು.

'ಸೋಂಟೆ ರುಚಿ ಉಂಟು. ಆದರೆ ಎಣ್ಣೆಗೆ ಬೇಗ ಕಮಟು ವಾಸನೆ ಬರ್ತದೆ. ಪ್ಯಾಕೆಟಿನ ಗಾಳಿ ತೆಗೆದು ನೈಟ್ರೋಜನ್ ತುಂಬಿಸಬೇಕು. ಹೇಗೆ ಅಂತ ನನಗೆ ಗೊತ್ತುಂಟು. ಕೆಲಸ ಕೊಡ್ತೀರಾ?'

ಚಹಾ ಆರುವಷ್ಟರಲ್ಲಿ ಉತ್ತರ! 'ಭಾನುವಾರ ಬನ್ನಿ. ಮನೆಯವರನ್ನೂ ಕರೆದುಕೊಂಡು ಬನ್ನಿ. ಇಲ್ಲಿ ನನ್ನ ಉಮ್ಮ ಇರ್ತಾರೆ.'

ಯಾರಪ್ಪಾ ಇವನು? ಯಾರೂ ಕೊಡದ ಉತ್ತರ ಇವನೇಕೆ ಕೊಟ್ಟ? ಯೋಚಿಸುತ್ತಲೇ ಅವಳು ಅದನ್ನು ಉಪ್ಪನಿಗೆ ಓದಿ ಹೇಳಿದಳು. ಎಡವಟ್ಟಾದದ್ದು ಅಲ್ಲೇ! ಉಮ್ಮನನ್ನು ಕೂರಿಸಿಕೊಂಡು ಹುಡುಗಿಯ ಮನೆಯವರನ್ನು ಕರೆಯುವ ಇಂಟರ್‌ವ್ಯೂವನ್ನು ಮೊಯ್ದಿನಬ್ಬ ಕಂಡವರೇ ಅಲ್ಲ. ಇದು ಸಂಬಂಧದ ವಿಷಯವೇ ಎಂದು ಮನಸ್ಸಲ್ಲೇ ಖಾತ್ರಿ ಮಾಡಿಕೊಂಡು, ಪುತ್ತೂರಿನ ಬೇಕರಿಯಿಂದ ದೊಡ್ಡ ಸ್ವೀಟ್ ಬಾಕ್ಸ್ ಕಟ್ಟಿಸಿಕೊಂಡೇ ಹೊರಟರು. ಬಾಕ್ಸ್ ನೋಡಿದ ಕುಂಞಿಪಾತುಮ್ಮನಿಗೂ ಬೇರೆ ಹೇಳಬೇಕಾಗಲಿಲ್ಲ.

"ಮನೆ ಸ್ವಂತದ್ದಾ? ಅಣ್ಣ ತಮ್ಮಂದಿರು ಉಂಟಾ?" ಮೊಯ್ದಿನಬ್ಬ ಶುರು ಮಾಡಿದರು.

"ಸ್ವಂತದ್ದೇ. ನಾನೊಬ್ಬನೇ ಮಗ." ಮಗಳನ್ನು ಕೆಲಸಕ್ಕೆ ಕಳಿಸುವ ತಂದೆ ವಿಚಾರಿಸುತ್ತಿದ್ದಾರೆಂದು ಸಿನಾನ್ ವಿನಯದಿಂದಲೇ ಹೇಳಿದ.

ಕುಂಞಿಪಾತುಮ್ಮ ಬಾಕ್ಸ್ ಬಿಚ್ಚಿದರು. "ಹಾಗಾದ್ರೆ ಮಾತು ಗಟ್ಟಿ ಮಾಡುವನಾ?"

"ಉಪ್ಪಾ! ನಾನು ಕೆಲಸ ಕೇಳ್ಲಿಕ್ಕೆ ಬಂದದ್ದು!"

ಕುಂಞಿಪಾತುಮ್ಮ ಬಾಕ್ಸ್ ಮತ್ತೆ ಮುಚ್ಚಿದರು. ಸಿನಾನ್ ಕೆಮ್ಮಿದ. "ಕೆಲಸ... ಗಟ್ಟಿಯೇ. ನಾಳೆಯಿಂದ ಬನ್ನಿ."

"ಬೇಡ." ಅವಳ ಕಣ್ಣು ತುಂಬಿತು. "ಹೆಣ್ಣು ನೋಡ್ಲಿಕ್ಕೆ ಕರೆದು ಕೊಡುವ ಕೆಲಸ ನನಗೆ ಬೇಡ!"

ಅಂಗಳಕ್ಕೆ ಇಳಿದೇ ಬಿಟ್ಟಳು. ಇಷ್ಟು ಓದಿದ್ದು ಇದಕ್ಕಾ? ಕಲಿತದ್ದನ್ನು ನೋಡಿ ಕರೆದವರು ಒಬ್ಬರೂ ಇಲ್ವಾ?

ಸಿನಾನ್ ಹಿಂದೆಯೇ ಬಂದು ದೂರದಲ್ಲಿ ನಿಂತ. "ಹೆಣ್ಣು ನೋಡ್ಲಿಕ್ಕಾ? ನಿಮ್ಮ ಪ್ರೊಫೈಲಲ್ಲಿ ಫೋಟೋ ಎಲ್ಲುಂಟು ಮಾರಾಯ್ರೆ? ಹಲಸಿನಕಾಯಿ ಮಾತ್ರ ಇದ್ದದ್ದು!"

ಅಯ್ಯೋ! ಹೌದಲ್ಲ... ಮುಖದ ಫೋಟೋ ಹಾಕಬೇಡ ಎಂದು ತನ್ನ ಉಮ್ಮ ಹಟ ಹಿಡಿದದ್ದಕ್ಕೆ ಅವಳೇ ಹಾಕಿದ ಹಲಸಿನಕಾಯಿ!

"ಅಂಗಡಿಯವರು ಪ್ಯಾಕೆಟ್ ವಾಪಸ್ ಕಳಿಸ್ತಾ ಇದ್ರು. ಯಾಕೆ ಅಂತ ನನಗೆ ಬಿಡಿಸಿ ಹೇಳಿದ್ದು ನೀವೊಬ್ಬರೇ," ಎಂದ ಅವನು. "ಗುರುತಿಲ್ಲದ ಜಾಗ, ಮನೆಯವರು ಬಂದು ನೋಡಿದ್ರೆ ಅವರಿಗೂ ಸಮಾಧಾನ ಅಂತ ಕರೆದೆ. ಅಷ್ಟೇ."

ಅವಳು ಕಣ್ಣೊರೆಸಿಕೊಂಡಳು. "ಸಂಬಳ ಎಷ್ಟು?"

"ಅಬ್ಬಾ! ಈಗ ಇಂಟರ್‌ವ್ಯೂ ಶುರುವಾಯ್ತು!"

ಇಬ್ಬರೂ ನಕ್ಕರು.

ಮುಂದಿನ ಹಲಸಿನ ಸೀಸನ್ ಬರುವಷ್ಟರಲ್ಲಿ ನೈಟ್ರೋಜನ್ ತುಂಬಿಸುವ ಮೆಶಿನ್ ಬಂದು, ಪ್ಯಾಕೆಟ್ ವಾಪಸ್ ಬರುವುದು ನಿಂತಿತ್ತು. ಇವರ ಜಗಳ ಮಾತ್ರ ನಿಂತಿರಲಿಲ್ಲ. ಎಣ್ಣೆ ಬದಲಿಸುವ ವಿಷಯಕ್ಕೆ ಜಗಳ, ಉಪ್ಪಿನ ವಿಷಯಕ್ಕೆ ಜಗಳ. ಅವಳು ರುಚಿ ನೋಡದೆ ಒಂದು ಪ್ಯಾಕೆಟೂ ಹೊರಗೆ ಹೋಗಲು ಅವನು ಬಿಡುತ್ತಿರಲಿಲ್ಲ. ಆ ಭಾನುವಾರದ ಮಾತನ್ನು ಮಾತ್ರ ಒಮ್ಮೆಯೂ ಎತ್ತಿರಲಿಲ್ಲ.

'ಅವತ್ತು ನಿಜವಾಗಿ ಹೆಣ್ಣು ನೋಡುದೇ ಆಗಿದ್ರೆ... ಇವರು ಎಂತ ಹೇಳ್ತಿದ್ರು?' ಕುತೂಹಲ ಅವಳನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ.

ಒಂದು ಶನಿವಾರ ಫೋನ್ ಸದ್ದು ಮಾಡಿತು. ವಾಟ್ಸಾಪ್ ಅಲ್ಲ, ಲಿಂಕ್ಡ್‌ಇನ್!

'ನಾಳೆ ನಿಮ್ಮಲ್ಲಿಗೆ ಬರ್ತೇನೆ. ಉಮ್ಮನನ್ನೂ ಕರೆದುಕೊಂಡು ಬರ್ತೇನೆ. ಈ ಸಲ ಕೆಲಸದ ವಿಷಯ ಅಲ್ಲ.'

ಅವಳು ಅದನ್ನು ಮತ್ತೆ ಓದಿದಳು. ಖುಷಿ... ಜೊತೆಗೇ ಭಯ. ಬೇಡ ಎಂದರೆ ಕೆಲಸ ಹೋದೀತು. ಹೂಂ ಎಂದರೂ, ಮದುವೆಯಾದ ಮೇಲೆ ಅಡಿಗೆಮನೆಯೇ ಗತಿಯಾದೀತು!

ಮರುದಿನ ಸಿನಾನ್ ಸ್ವೀಟ್ ಬಾಕ್ಸ್ ಹಿಡಿದು ಕೆದಂಬಾಡಿಯ ಜಗಲಿಯಲ್ಲಿ ನಿಂತಿದ್ದ. ಹಿರಿಯರು ಒಳಗೆ ಹೋಗುವುದನ್ನೇ ಕಾದು ಅವಳು ಮೆಲ್ಲಗೆ ಕೇಳಿದಳು.

"ನಾನು ಬೇಡ ಅಂದ್ರೆ?"

"ನಾಳೆ ಕೆಲಸಕ್ಕೆ ಬರಬೇಕು."

"ಹೂಂ ಅಂದ್ರೆ?"

"ಆಗಲೂ ನಾಳೆ ಕೆಲಸಕ್ಕೆ ಬರಬೇಕು. ನೀವಿಲ್ಲದೆ ಆ ಮೆಶಿನ್ ನನ್ನ ಮಾತು ಕೇಳುದಿಲ್ಲ. ನನಗೂ... ನೀವಿಲ್ಲದೆ ಆಗುದಿಲ್ಲ ಇರ್ಫಾನಾ."

ಅವಳ ಕಣ್ಣು ಮತ್ತೆ ತುಂಬಿತು. ತುಟಿಯಲ್ಲಿ ಮಾತ್ರ ತುಂಟ ನಗು.

"ನಿಮಗೆ ಅಕ್ಕಿ ರೊಟ್ಟಿ ತಟ್ಟಲಿಕ್ಕೆ ಬರ್ತದಾ?"

"ಕಲೀತೇನೆ!"

"ಹಾಗಾದ್ರೆ... ಹೂಂ."